ವಿದೇಶದಲ್ಲಿ ಮದುವೆ: ಜೈನ ಕುಟುಂಬಗಳು ಇಡಬೇಕಾದ ಮೊದಲ ಹೆಜ್ಜೆಗಳು

ಮಗ ಅಮೆರಿಕದಲ್ಲಿ, ಸೊಸೆಯಾಗುವವಳು ಬೆಂಗಳೂರಿನಲ್ಲಿ, ಅಜ್ಜ-ಅಜ್ಜಿ ಬಾಳೆಹೊಸೂರಿನಲ್ಲಿ ಅಥವಾ ಲಕ್ಷ್ಮೇಶ್ವರದಲ್ಲಿ. ಮದುವೆ ಮಾತ್ರ ಬಾಲಿಯ ಕಡಲ ದಂಡೆಯಲ್ಲೋ ದುಬೈಯಲ್ಲೋ ಆಗಲಿ ಎಂಬ ಮಾತು ಈಗ ಉತ್ತರ ಕರ್ನಾಟಕದ ಜೈನ ಮನೆಗಳಲ್ಲಿಯೂ ಕೇಳಿಬರುವಂಥದ್ದು. ಇದಕ್ಕೆ 'ಡೆಸ್ಟಿನೇಷನ್ ವೆಡ್ಡಿಂಗ್' ಎಂದು ಹೆಸರು. ವರನ ಊರೂ ಅಲ್ಲದ, ವಧುವಿನ ಊರೂ ಅಲ್ಲದ ಮೂರನೆಯ ಸ್ಥಳಕ್ಕೆ ಎರಡೂ ಕಡೆಯ ಬೀಗರು ಹೋಗಿ, ಎರಡು-ಮೂರು ದಿನ ಅಲ್ಲಿಯೇ ಇದ್ದು ಮದುವೆ ಮುಗಿಸುವ ಕ್ರಮವಿದು.

ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಕುಟುಂಬಗಳು ಇಂಥ ಮದುವೆಗೆ ಮನಸ್ಸು ಮಾಡುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ. ಹೋಟೆಲ್, ಹೂವಿನ ಅಲಂಕಾರ, ಫೋಟೋ ಇವೆಲ್ಲ ಆಮೇಲಿನ ಮಾತು. ಮೊದಲು ನಿಶ್ಚಯವಾಗಬೇಕಾದವು ಐದು: ಮದುವೆಯ ಕಾನೂನು ಮಾನ್ಯತೆ, ಮುಹೂರ್ತ, ಬರುವವರು ಯಾರು ಎಂಬುದು, ಊಟ ಮತ್ತು ವಿಧಿ, ಕೊನೆಗೆ ಹಣ.

ಕಾನೂನಿನ ಮಾನ್ಯತೆ

ವಿದೇಶದ ರೆಸಾರ್ಟಿನಲ್ಲಿ ಎಷ್ಟೇ ವೈಭವದಿಂದ ಮದುವೆಯಾದರೂ ಕೈಗೆ ವಿವಾಹ ಪ್ರಮಾಣಪತ್ರ ಸಿಗದಿದ್ದರೆ ತೊಂದರೆ ಮೊದಲು ತಟ್ಟುವುದು ವಧುವಿಗೆ. ಪತಿಯ ಜತೆ ಹೊರದೇಶಕ್ಕೆ ಹೋಗಲು ಅವಲಂಬಿತರ ವೀಸಾ ಬೇಕು, ಅದಕ್ಕೆ ನೋಂದಾಯಿತ ಪ್ರಮಾಣಪತ್ರ ಬೇಕು. ಮುಂದೆ ಆಸ್ತಿ, ವಿಮೆ, ಪಿಂಚಣಿ, ಜೀವನಾಂಶದ ಪ್ರಶ್ನೆ ಬಂದಾಗಲೂ ಮೊದಲು ಕೇಳುವುದು ಅದನ್ನೇ. ಆದ್ದರಿಂದ ಈ ಪ್ರಶ್ನೆ ಎಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕು.

ಜೈನರ ಮದುವೆಗೆ 1955ರ ಹಿಂದೂ ವಿವಾಹ ಕಾಯ್ದೆ ಅನ್ವಯಿಸುತ್ತದೆ. ಕಾಯ್ದೆಯ 2ನೇ ಕಲಮಿನಲ್ಲಿ ಬೌದ್ಧ, ಜೈನ, ಸಿಖ್ಖರ ಹೆಸರು ಸ್ಪಷ್ಟವಾಗಿಯೇ ಇದೆ. 7ನೇ ಕಲಮಿನ ಪ್ರಕಾರ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಿಂದ ಮದುವೆ ನಡೆಯಬೇಕು. ಸಪ್ತಪದಿ ಆ ವಿಧಿಯ ಭಾಗವಾಗಿದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣವಾಗುತ್ತದೆ. ವರನಿಗೆ 21, ವಧುವಿಗೆ 18 ವರ್ಷ ತುಂಬಿರಬೇಕು.

ಇಲ್ಲೊಂದು ಸೂಕ್ಷ್ಮವಿದೆ. ವೀಸಾ ಅವಸರಕ್ಕೆ ಮೊದಲು ಕಾಗದದ ಮೇಲೆ ನೋಂದಣಿ ಮಾಡಿಸಿ, ವಿಧಿಯನ್ನು ಆರು ತಿಂಗಳ ನಂತರ ಇಟ್ಟುಕೊಳ್ಳುವ ರೂಢಿ ಕೆಲವೆಡೆ ಬೆಳೆದಿತ್ತು. 2024ರ ಏಪ್ರಿಲ್‌ನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಅಗಸ್ಟೀನ್ ಜಾರ್ಜ್ ಮಸೀಹ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದರ ಬಗ್ಗೆ ಸ್ಪಷ್ಟವಾಗಿ ಹೇಳಿತು. ಹಿಂದೂ ವಿವಾಹ ಕಾಯ್ದೆಯಡಿ ವಿಧಿಪೂರ್ವಕ ಮದುವೆ ನಡೆಯದೆ ಬರೀ ನೋಂದಣಿಯಿಂದ ಗಂಡ-ಹೆಂಡತಿ ಎಂಬ ಸ್ಥಾನ ಬರುವುದಿಲ್ಲ. ವಿಧಿ ಮೊದಲು, ನೋಂದಣಿ ಆಮೇಲೆ.

ಹೀಗಾಗಿ ಕುಟುಂಬಗಳ ಮುಂದೆ ಇರುವ ದಾರಿಗಳು ಇವು.

ಒಂದು, ಊರಲ್ಲಿ ವಿಧಿ, ವಿದೇಶದಲ್ಲಿ ಸಂಭ್ರಮ. ಮನೆಯಲ್ಲಿ ಅಥವಾ ಬಸದಿಯ ಸಭಾಭವನದಲ್ಲಿ ಪಂಡಿತರಿಂದ ಕಂಕಣಬಂಧನ, ಹೋಮ, ಸಪ್ತಪದಿ ಸಹಿತ ಮದುವೆ ಮುಗಿಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ, ಆಮೇಲೆ ಹೊರದೇಶದಲ್ಲಿ ಆರತಕ್ಷತೆ ಇಟ್ಟುಕೊಳ್ಳುವುದು. ಕಾಗದಪತ್ರದ ದೃಷ್ಟಿಯಿಂದ ಇದು ಅತ್ಯಂತ ಸುಲಭ. ಕರ್ನಾಟಕದಲ್ಲಿ 2024ರಿಂದ ಹಿಂದೂ ವಿವಾಹ ನೋಂದಣಿಗೆ ಕಾವೇರಿ 2.0 ತಂತ್ರಾಂಶದ ಮೂಲಕ ಆನ್‌ಲೈನ್ ಅರ್ಜಿಯ ಅವಕಾಶವೂ ಇದೆ. ಲಗ್ನಪತ್ರಿಕೆ, ವಯಸ್ಸು ಮತ್ತು ವಿಳಾಸದ ದಾಖಲೆ, ಮದುವೆಯ ಫೋಟೋ, ಸಾಕ್ಷಿಗಳ ಗುರುತಿನ ಚೀಟಿ ತೆಗೆದಿಟ್ಟುಕೊಳ್ಳಬೇಕು.

ಎರಡು, 1954ರ ವಿಶೇಷ ವಿವಾಹ ಕಾಯ್ದೆಯಡಿ ಇಲ್ಲಿಯೇ ಮದುವೆಯಾಗಿ, ಧಾರ್ಮಿಕ ವಿಧಿಯನ್ನು ವಿದೇಶದಲ್ಲಿ ಮಾಡುವುದು. ಇದಕ್ಕೆ ವಧು-ವರರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ನೋಟಿಸ್ ಪ್ರಕಟವಾಗಿ ಮತ್ತೆ 30 ದಿನ ಕಾಯಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಈ ಕಾಯ್ದೆಯಡಿ ಮದುವೆಯಾದರೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಹೋಗುತ್ತದೆ ಎಂಬ ಅಂಜಿಕೆ ಹಿರಿಯರಲ್ಲಿ ಇದೆ. ಹಿಂದೂ, ಬೌದ್ಧ, ಸಿಖ್, ಜೈನರು ತಮ್ಮೊಳಗೇ ಮದುವೆಯಾದಾಗ ಹಾಗಾಗುವುದಿಲ್ಲ. 21-ಎ ಕಲಮು ಅದನ್ನು ತಡೆದಿದೆ, ಉತ್ತರಾಧಿಕಾರ ಮೊದಲಿನಂತೆಯೇ ನಡೆಯುತ್ತದೆ.

ಮೂರು, 1969ರ ವಿದೇಶಿ ವಿವಾಹ ಕಾಯ್ದೆಯಡಿ ಭಾರತದ ರಾಯಭಾರ ಕಚೇರಿಯಲ್ಲಿ ಮದುವೆ. ವಧು-ವರರಲ್ಲಿ ಒಬ್ಬರು ಭಾರತದ ಪ್ರಜೆಯಾಗಿದ್ದರೆ ಸಾಕು. ಆದರೆ ನೋಟಿಸ್ ಕೊಡುವ ಮೊದಲು ಒಬ್ಬರಾದರೂ ಆ ಪ್ರದೇಶದಲ್ಲಿ 30 ದಿನ ವಾಸವಿರಬೇಕು, ನಂತರ ಆಕ್ಷೇಪಣೆಯ ಅವಧಿಯೂ ಇದೆ. ನಾಲ್ಕು ದಿನದ ಪ್ರವಾಸಕ್ಕೆ ಹೋದವರಿಗೆ ಇದು ಒದಗದು. ಅಲ್ಲಿಯೇ ನೌಕರಿಯಲ್ಲಿರುವವರಿಗೆ ಮಾತ್ರ ಉಪಯೋಗ.

ನಾಲ್ಕು, ಆ ದೇಶದ ಸ್ಥಳೀಯ ಕಾನೂನಿನಂತೆ ಮದುವೆ. ಇಲ್ಲಿ ಜೈನರಿಗೆ ವಿಶೇಷವಾಗಿ ಒಂದು ತೊಡಕಿದೆ. ಉದಾಹರಣೆಗೆ ಇಂಡೋನೇಷ್ಯಾದಲ್ಲಿ ಧಾರ್ಮಿಕ ವಿಧಿಯಿಲ್ಲದ ನಾಗರಿಕ ಮದುವೆ ಇಲ್ಲ. ಅಲ್ಲಿಯ ಸರ್ಕಾರ ಮಾನ್ಯ ಮಾಡಿರುವ ಆರು ಧರ್ಮಗಳೆಂದರೆ ಇಸ್ಲಾಂ, ಪ್ರೊಟೆಸ್ಟಂಟ್, ಕ್ಯಾಥೊಲಿಕ್, ಹಿಂದೂ, ಬೌದ್ಧ ಮತ್ತು ಕನ್‌ಫ್ಯೂಷಿಯಸ್ ಧರ್ಮ. ಜೈನಧರ್ಮ ಆ ಪಟ್ಟಿಯಲ್ಲಿ ಇಲ್ಲ. ಬಾಲಿಯಲ್ಲಿ ಅಧಿಕೃತ ಪ್ರಮಾಣಪತ್ರ ಬೇಕೆಂದರೆ ಬೇರೆ ಧರ್ಮದ ಹೆಸರು ಬರೆಸಬೇಕಾಗುತ್ತದೆ. ದಾಖಲೆಯಲ್ಲಿ ಹಾಗೆ ಬರೆಸುವುದು ಸರಿಯೇ ಎಂಬುದನ್ನು ಕುಟುಂಬ ಮೊದಲೇ ಯೋಚಿಸಬೇಕು. ಊರಲ್ಲಿ ವಿಧಿ ಮುಗಿಸಿ ಹೋದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

ಪ್ರಮಾಣಪತ್ರವನ್ನು ಹೊರದೇಶದಲ್ಲಿ ತೋರಿಸಬೇಕಾದಾಗ ಅದಕ್ಕೆ 'ಅಪೊಸ್ಟಿಲ್' ಮುದ್ರೆ ಕೇಳಬಹುದು. 1961ರ ಹೇಗ್ ಒಪ್ಪಂದದ ಈ ವ್ಯವಸ್ಥೆಗೆ ಭಾರತ 2005ರಲ್ಲಿ ಸೇರಿದೆ. ರಾಜ್ಯಮಟ್ಟದ ದೃಢೀಕರಣದ ಬಳಿಕ ವಿದೇಶಾಂಗ ಸಚಿವಾಲಯ ಈ ಮುದ್ರೆ ಹಾಕುತ್ತದೆ. ಒಪ್ಪಂದದಲ್ಲಿ ಇಲ್ಲದ ದೇಶಗಳಿಗೆ ಆಯಾ ರಾಯಭಾರ ಕಚೇರಿಯ ದೃಢೀಕರಣ ಬೇಕಾಗುತ್ತದೆ.

ಮುಹೂರ್ತ ಮತ್ತು ಕಾಲ

ವಿದೇಶದಲ್ಲಿ ಇರುವ ಮಕ್ಕಳಿಗೆ ರಜೆ ಸಿಗುವುದು ಜುಲೈ-ಆಗಸ್ಟ್ ಅಥವಾ ಡಿಸೆಂಬರ್ ಕೊನೆಯಲ್ಲಿ. ಸಮಸ್ಯೆ ಅಲ್ಲಿಂದಲೇ ಶುರು. ಜುಲೈ-ಆಗಸ್ಟ್ ಚಾತುರ್ಮಾಸದ ಕಾಲ. ಆಷಾಢದಿಂದ ಕಾರ್ತಿಕದವರೆಗೆ ಮುನಿಗಳು ಒಂದೆಡೆ ನೆಲೆ ನಿಲ್ಲುವ, ಶ್ರಾವಕರು ವ್ರತ-ನಿಯಮ ಹಿಡಿಯುವ ಈ ತಿಂಗಳುಗಳಲ್ಲಿ ಮದುವೆ ಮಾಡುವ ವಾಡಿಕೆ ಇಲ್ಲ. ಭಾದ್ರಪದದ ದಶಲಕ್ಷಣ ಪರ್ವವೂ ಇದರೊಳಗೇ ಬರುತ್ತದೆ. ಡಿಸೆಂಬರ್ 16ರ ಸುಮಾರಿಗೆ ಧನುರ್ಮಾಸ ಹಿಡಿದರೆ ಸಂಕ್ರಾಂತಿಯವರೆಗೆ ಅನೇಕ ಮನೆಗಳಲ್ಲಿ ಲಗ್ನ ಇಡುವುದಿಲ್ಲ. ಉಳಿಯುವುದು ನವೆಂಬರ್ ಕೊನೆ, ಡಿಸೆಂಬರ್ ಮೊದಲ ಪಕ್ಷ, ಮತ್ತೆ ಫೆಬ್ರವರಿಯಿಂದ ಮೇ ತಿಂಗಳು. ಅವುಗಳಲ್ಲಿಯೂ ಕಾರ್ತಿಕ ಮತ್ತು ಫಾಲ್ಗುಣದ ಅಷ್ಟಾಹ್ನಿಕ ಪರ್ವದ ಎಂಟೆಂಟು ದಿನ ಬಿಡಬೇಕು. ಆದ್ದರಿಂದ ತಾರೀಖು ನಿಶ್ಚಯಿಸದೆ ಹೋಟೆಲಿಗೆ ಮುಂಗಡ ಕೊಡಬಾರದು.

ಗದಗಿನ ಪಂಚಾಂಗ ನೋಡಿ ತೆಗೆದ ಲಗ್ನ ದುಬೈಗೂ ಬಾಲಿಗೂ ಹೊಂದುವುದಿಲ್ಲ. ಸೂರ್ಯೋದಯ ಬೇರೆ, ಲಗ್ನದ ವೇಳೆ ಬೇರೆ, ಕೆಲವೊಮ್ಮೆ ಉದಯಕಾಲದ ತಿಥಿಯೂ ಬೇರೆಯಾಗುತ್ತದೆ. ಮದುವೆ ನಡೆಯುವ ಊರಿನ ಹೆಸರು ಹೇಳಿ ಅಲ್ಲಿಯ ಸಮಯಕ್ಕೆ ಮುಹೂರ್ತ ತೆಗೆಸಬೇಕು.

ಯಾರು ಬರುತ್ತಾರೆ, ಯಾರು ಬರಲಾರರು

ಊರ ಮದುವೆಯಲ್ಲಿ ಹಂದರ ಹಾಕಿದರೆ ಓಣಿಯೇ ಬರುತ್ತದೆ. ಅಕ್ಕಿಕಾಳು ಹಾಕುವುದು ಪ್ರತಿಯೊಬ್ಬರ ಹಕ್ಕು ಎಂಬಂತೆ ನಡೆಯುತ್ತದೆ. ವಿದೇಶದ ಮದುವೆಯಲ್ಲಿ ಪಟ್ಟಿ ನಲವತ್ತು-ಐವತ್ತು ಜನಕ್ಕೆ ಇಳಿಯುತ್ತದೆ. ಆ ಪಟ್ಟಿಯಿಂದ ಬಿಟ್ಟುಹೋಗುವವರು ಸಾಮಾನ್ಯವಾಗಿ ವಯಸ್ಸಾದವರು, ಪಾಸ್‌ಪೋರ್ಟ್ ಇಲ್ಲದ ಸೋದರಮಾವ-ಅತ್ತೆಯರು, ಮತ್ತು ದಾರಿಯಲ್ಲಿ ನಿಯಮ ಪಾಲಿಸುವುದು ಕಷ್ಟವೆಂದು ಹಿಂಜರಿಯುವ ವ್ರತಿಗಳು. ಅರಿಷಿಣ, ಸುರಗಿ, ಆಯೇರಿಯಂಥ ಶಾಸ್ತ್ರಗಳಲ್ಲಿ ಮುಂದೆ ನಿಲ್ಲಬೇಕಾದವರೂ ಇವರೇ. ಆದ್ದರಿಂದ ದೇಶ ಆರಿಸುವ ಮೊದಲು ಎರಡೂ ಕಡೆಯ ಹಿರಿಯರು ಕೂತು, ಯಾರಿಲ್ಲದೆ ಈ ಮದುವೆ ಆಗಬಾರದು ಎಂಬ ಹತ್ತು-ಹದಿನೈದು ಹೆಸರು ಬರೆಯುವುದು ಒಳ್ಳೆಯದು. ಅವರಲ್ಲಿ ಬಹಳಷ್ಟು ಜನ ಪ್ರಯಾಣ ಮಾಡಲಾರರು ಎಂದಾದರೆ ಉತ್ತರ ಅಲ್ಲಿಯೇ ಸಿಕ್ಕಂತೆ.

ಬರುವವರಿಗೆ ಪಾಸ್‌ಪೋರ್ಟ್ ಮಾಡಿಸುವ ಕೆಲಸ ಮದುವೆಗೆ ಕನಿಷ್ಠ ಆರು ತಿಂಗಳ ಮೊದಲೇ ಶುರುವಾಗಬೇಕು. ಈ ಭಾಗದವರಿಗೆ ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ, ತತ್ಕಾಲ್‌ಗೆ ಹೆಚ್ಚುವರಿ 2,000 ರೂಪಾಯಿ. ಹೊಸದಾಗಿ ಅರ್ಜಿ ಹಾಕುವ 60 ದಾಟಿದವರಿಗೆ ಮತ್ತು 8 ವರ್ಷದೊಳಗಿನ ಮಕ್ಕಳಿಗೆ ಶೇ 10 ರಿಯಾಯಿತಿ ಇದೆ. ನಲವತ್ತು ಜನಕ್ಕೆ ಹೊಸ ಪಾಸ್‌ಪೋರ್ಟ್ ಬೇಕಾದರೆ ಸರ್ಕಾರಿ ಶುಲ್ಕವೇ 60,000 ರೂಪಾಯಿಯ ಹತ್ತಿರ ಹೋಗುತ್ತದೆ. ಹಳ್ಳಿಯ ಹಿರಿಯರ ವಿಷಯದಲ್ಲಿ ತಡವಾಗುವುದು ಶುಲ್ಕದಿಂದಲ್ಲ, ಹೆಸರಿನಿಂದ. ಆಧಾರ್‌ನಲ್ಲಿ ಒಂದು, ಮತದಾರರ ಚೀಟಿಯಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು, ಅಡ್ಡಹೆಸರು ಒಂದರಲ್ಲಿ ಮುಂದೆ, ಒಂದರಲ್ಲಿ ಹಿಂದೆ. ಇದನ್ನು ಮೊದಲು ಸರಿಪಡಿಸಬೇಕು. ಹಳೆಯ ಪಾಸ್‌ಪೋರ್ಟ್ ಇದ್ದವರು ಪ್ರಯಾಣದ ದಿನಕ್ಕೆ ಇನ್ನೂ ಆರು ತಿಂಗಳ ಅವಧಿ ಉಳಿದಿದೆಯೇ ನೋಡಿಕೊಳ್ಳಬೇಕು. ಅನೇಕ ದೇಶಗಳು ಅದಿಲ್ಲದೆ ಒಳಗೆ ಬಿಡುವುದಿಲ್ಲ.

ಪಾಸ್‌ಪೋರ್ಟ್ ಇಲ್ಲದ ಹಿರಿಯರಿಗಾಗಿ ಯೋಚಿಸಬಹುದಾದ ದೇಶ ನೇಪಾಳ. ಭಾರತೀಯರಿಗೆ ಅಲ್ಲಿ ವೀಸಾ ಬೇಡ, ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇದ್ದರೆ ವಿಮಾನದಲ್ಲಿಯೂ ಹೋಗಬಹುದು. ಕಾಠ್ಮಂಡುವಿನಲ್ಲಿ ಜೈನ ಮಂದಿರವೂ ಇದೆ.

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೇಶದೊಳಗಿನ ವಿಮಾನಗಳು ಮಾತ್ರ ಹಾರುತ್ತವೆ. ಹೊರದೇಶಕ್ಕೆ ಬೆಂಗಳೂರು, ಗೋವಾ ಅಥವಾ ಮಂಗಳೂರಿಗೆ ಹೋಗಬೇಕು. ಬಾಳೆಹೊಸೂರಿನಿಂದ ಹೊರಟ ಅಜ್ಜಿಗೆ ವಿಮಾನ ಏರುವ ಮೊದಲೇ ಒಂದು ಹಗಲು ಅಥವಾ ಒಂದು ರಾತ್ರಿಯ ಪ್ರಯಾಣವಾಗಿರುತ್ತದೆ. ಬೆಂಗಳೂರಿನಲ್ಲಿ ಒಂದು ದಿನದ ವಿಶ್ರಾಂತಿಯನ್ನು ಲೆಕ್ಕದಲ್ಲಿ ಸೇರಿಸಬೇಕು. ಎಲ್ಲರಿಗೂ, ಮುಖ್ಯವಾಗಿ ಬಿ.ಪಿ., ಸಕ್ಕರೆ ಕಾಯಿಲೆ ಇದ್ದವರಿಗೆ, ಪ್ರವಾಸ ವಿಮೆ ಮಾಡಿಸಬೇಕು. ಮಾತ್ರೆಗಳ ಜತೆ ವೈದ್ಯರ ಚೀಟಿ ಇರಬೇಕು.

ಊಟ: ಸೂರ್ಯಾಸ್ತ ಮತ್ತು ಅಡುಗೆಮನೆ

ಕಡಲ ದಂಡೆಯ ಮದುವೆಗಳನ್ನು ಹೋಟೆಲಿನವರು ಸಾಮಾನ್ಯವಾಗಿ ಸಂಜೆಗೇ ಇಡುತ್ತಾರೆ. ಸೂರ್ಯ ಮುಳುಗುವಾಗ ಮಾಲೆ, ಕತ್ತಲಾದ ಮೇಲೆ ಊಟ. ರಾತ್ರಿ ಭೋಜನ ತ್ಯಾಗ ಪಾಲಿಸುವವರಿಗೆ ಇದು ನೇರವಾಗಿ ಅಡ್ಡಬರುತ್ತದೆ. ಸೂರ್ಯಾಸ್ತಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಸುವವರೂ ಇದ್ದಾರೆ. ಬಾಲಿಯಲ್ಲಿ ವರ್ಷವಿಡೀ ಸಂಜೆ 6ರಿಂದ 6.45ರೊಳಗೆ ಸೂರ್ಯ ಮುಳುಗುತ್ತಾನೆ. ಸಿಂಗಪುರದಲ್ಲಿ ಸುಮಾರು 7 ಗಂಟೆಗೆ. ಡಿಸೆಂಬರ್‌ನಲ್ಲಿ ದುಬೈಯಲ್ಲಿ 5.30ರ ನಂತರ ಸ್ವಲ್ಪ ಹೊತ್ತಿಗೆ, ಲಂಡನ್ನಿನಲ್ಲಿ 4 ಗಂಟೆಯ ಸುಮಾರಿಗೇ. ಹೀಗಾಗಿ ಬೆಳಗಿನ ಮುಹೂರ್ತ, ಮಧ್ಯಾಹ್ನದ ಊಟ ಎಂದು ಹೋಟೆಲಿಗೆ ಮೊದಲೇ ಬರೆದು ತಿಳಿಸಬೇಕು. ಮಧ್ಯಾಹ್ನದ ಸಭಾಂಗಣಕ್ಕೆ ಹಲವು ಕಡೆ ಬಾಡಿಗೆಯೂ ಕಡಿಮೆ.

'ಜೈನ್ ಫುಡ್ ಸಿಗುತ್ತದೆ' ಎಂಬ ಒಂದು ಮಾತನ್ನು ನಂಬಿ ಕೂರಬಾರದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಆಲೂಗಡ್ಡೆ, ಗಜ್ಜರಿ, ಮೂಲಂಗಿ, ಬೀಟ್‌ರೂಟ್, ಹಸಿಶುಂಠಿ, ಅಣಬೆ, ಜೇನುತುಪ್ಪ ಬೇಡ ಎಂದು ಒಂದೊಂದಾಗಿ ಬರೆದು ಒಪ್ಪಂದಕ್ಕೆ ಲಗತ್ತಿಸಬೇಕು. ಥಾಯ್ಲೆಂಡಿನ ಅಡುಗೆಯಲ್ಲಿ ಮೀನಿನ ರಸ, ಬಾಲಿಯ ಅಡುಗೆಯಲ್ಲಿ ಸಿಗಡಿಯ ಹಿಂಡಿ ಪಲ್ಯದೊಳಗೂ ಬೀಳುವ ಪದಾರ್ಥ. ಅಲ್ಲಿಯ ಬಾಣಸಿಗರಿಗೆ ಅದು ಉಪ್ಪಿನ ಹಾಗೆ. ಸಿಹಿತಿಂಡಿಯ ಜೆಲಟಿನ್, ಚೀಸ್‌ನ ರೆನೆಟ್, ಕೇಕಿನ ಮೊಟ್ಟೆ ಇವನ್ನೂ ಹೆಸರಿಸಬೇಕು. ಪಾತ್ರೆ, ಎಣ್ಣೆ, ಒಲೆ ಬೇರೆಯಿರಲಿ, ನೀರು ಸೋಸಿದ್ದಿರಲಿ ಎಂದು ಕೇಳಬಹುದು.

ಊರಿನಿಂದ ಅಡುಗೆಯವರನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಎರಡು ಪ್ರಶ್ನೆ ಕೇಳಬೇಕು. ಹೋಟೆಲ್ ತನ್ನ ಅಡುಗೆಮನೆ ಬಿಟ್ಟುಕೊಡುತ್ತದೆಯೇ? ಪ್ರವಾಸಿ ವೀಸಾದಲ್ಲಿ ಬಂದವರು ಅಲ್ಲಿ ಕೆಲಸ ಮಾಡಲು ಆ ದೇಶ ಒಪ್ಪುತ್ತದೆಯೇ? ಅಡುಗೆಯವರಿಗೂ ಪಂಡಿತರಿಗೂ ಫೋಟೋ ತೆಗೆಯುವವರಿಗೂ ಇದು ಒಂದೇ ಪ್ರಶ್ನೆ. ಹಲವು ದೇಶಗಳಲ್ಲಿ ಪ್ರವಾಸಿ ವೀಸಾದ ಮೇಲೆ ದುಡಿಯುವುದು ಅಪರಾಧ.

ವಿಧಿ, ಪಂಡಿತರು, ಸಾಮಗ್ರಿ

ದಿಗಂಬರ ಮುನಿಗಳು ಪಾದವಿಹಾರಿಗಳು, ಅವರ ಸಾನ್ನಿಧ್ಯ ವಿದೇಶದಲ್ಲಿ ಸಿಗದು. ಆಶೀರ್ವಾದ ಬೇಕಿದ್ದವರು ಹೊರಡುವ ಮೊದಲೇ ದರ್ಶನ ಮಾಡಬೇಕು. ಲಕ್ಷ್ಮೇಶ್ವರದ ಶಂಖ ಬಸದಿಯಲ್ಲಿ ನೇಮಿನಾಥನಿಗೆ ಪೂಜೆ ಸಲ್ಲಿಸಿ ಮೊದಲ ಲಗ್ನಪತ್ರಿಕೆ ಅಲ್ಲಿಡುವುದು ಈ ಸೀಮೆಯವರಿಗೆ ಒಪ್ಪುವ ಆರಂಭ.

ಹೊರದೇಶಗಳಲ್ಲಿ ಜೈನ ಮಂದಿರಗಳಿಗೆ ಕೊರತೆಯಿಲ್ಲ. ಕೆನ್ಯಾದ ಮೊಂಬಾಸಾ, ಬ್ರಿಟನ್ನಿನ ಲೆಸ್ಟರ್ ಮತ್ತು ಪಾಟರ್ಸ್ ಬಾರ್, ಬೆಲ್ಜಿಯಂನ ಆಂಟ್‌ವರ್ಪ್, ಜಪಾನಿನ ಕೋಬೆ, ಅಮೆರಿಕದ ಮಿಲ್ಪಿಟಾಸ್ ಮತ್ತು ನ್ಯೂಜೆರ್ಸಿಯ ಸಿದ್ಧಾಚಲಂ ಹೆಸರಾದವು. ಇವುಗಳಲ್ಲಿ ಬಹುಪಾಲನ್ನು ಕಟ್ಟಿದವರು ಗುಜರಾತ್, ರಾಜಸ್ಥಾನ ಮೂಲದ ಶ್ವೇತಾಂಬರ ಬಂಧುಗಳು. ಲೆಸ್ಟರ್ ಮತ್ತು ಮಿಲ್ಪಿಟಾಸ್‌ಗಳಲ್ಲಿ ದಿಗಂಬರ ಮೂರ್ತಿಗಳೂ ಇವೆ. ಅಂಥ ಕೇಂದ್ರ ಹತ್ತಿರವಿರುವ ಊರನ್ನು ಆರಿಸಿದರೆ ದರ್ಶನ, ಅಡುಗೆ, ಪೂಜಾ ಸಾಮಗ್ರಿ ಮೂರಕ್ಕೂ ಆಸರೆ ಸಿಗುತ್ತದೆ. ಆದರೆ ಮದುವೆ ವಿಧಿ ಕನ್ನಡ ನಾಡಿನ ದಿಗಂಬರ ಪದ್ಧತಿಯಲ್ಲಿ ನಡೆಯಬೇಕಿದ್ದರೆ ಊರಿನ ಪಂಡಿತರನ್ನೇ ಒಯ್ಯುವುದು, ಅಥವಾ ವಿಧಿಯ ಪುಸ್ತಕ ಮೊದಲೇ ಕಳಿಸಿ ಅಲ್ಲಿಯವರೊಡನೆ ಮಾತಾಡಿಕೊಳ್ಳುವುದು ಅಗತ್ಯ.

ಹೋಮಕ್ಕೆ ಹೋಟೆಲಿನಿಂದ ಬರಹದ ಅನುಮತಿ ಬೇಕು. ಒಳಾಂಗಣದಲ್ಲಿ ಹೊಗೆ ಎದ್ದರೆ ಬೆಂಕಿಯ ಗಂಟೆ ಬಾರಿಸುತ್ತದೆ. ಬಯಲಿನಲ್ಲಿ ಜಾಗ ಕೊಡುವಂತೆ ಕೇಳಬೇಕು.

ಸಾಮಾನು ಕಟ್ಟುವಾಗ ಎಚ್ಚರ. ಕರ್ಪೂರ, ಬೆಂಕಿಪೊಟ್ಟಣ, ಒಣಕೊಬ್ಬರಿ ಉರಿಯುವ ಪದಾರ್ಥಗಳೆಂದು ವಿಮಾನದಲ್ಲಿ ನಿರ್ಬಂಧಿತ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಅಕ್ಕಿ, ಕಾಳು, ಹೂವು, ಎಲೆ ಏನೇ ಇದ್ದರೂ ಇಳಿದ ಕೂಡಲೇ ಘೋಷಿಸಬೇಕು, ಇಲ್ಲವಾದರೆ ದಂಡ. ಗಸಗಸೆ ಯುಎಇಯಲ್ಲಿ ಮಾದಕವಸ್ತುವಿನ ಪಟ್ಟಿಯಲ್ಲಿದೆ. ಪಾಯಸದ ಸಾಮಾನಿನಲ್ಲಿ ಒಂದು ಪೊಟ್ಟಣ ಸೇರಿದ್ದರೂ ದುಬೈ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಪ್ರಕರಣವಾಗಬಹುದು. ಅಡುಗೆಯವರ ಚೀಲವನ್ನು ಮನೆಯವರೇ ಒಮ್ಮೆ ನೋಡಬೇಕು.

ಮದುವೆಯ ಬಂಗಾರ ಒಯ್ಯುವವರು ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆಯಬೇಕು. ಅದು ಕೈಯಲ್ಲಿದ್ದರೆ ಮರಳಿ ಬರುವಾಗ ಆ ಒಡವೆ ಇಲ್ಲಿಂದಲೇ ಹೋದದ್ದೆಂದು ತೋರಿಸಬಹುದು. ಇಲ್ಲದಿದ್ದರೆ ಅಜ್ಜಿಯ ಕಾಲದ ಸರಕ್ಕೂ ಸುಂಕ ಕೇಳುವ ಸಂದರ್ಭ ಬರುತ್ತದೆ. ಫೋಟೋ ಮತ್ತು ತೂಕದ ಚೀಟಿ ಜತೆಗಿರಲಿ.

ಹಣದ ಲೆಕ್ಕ

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣರವಾನೆ ಯೋಜನೆಯಂತೆ ಭಾರತದಲ್ಲಿ ವಾಸಿಸುವ ಒಬ್ಬ ವ್ಯಕ್ತಿ ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಪ್ಯಾನ್ ಕಡ್ಡಾಯ. ವಿದೇಶ ಪ್ರವಾಸದ ಪ್ಯಾಕೇಜ್ ಮತ್ತು ಹಣರವಾನೆಯ ಮೇಲೆ ಮೂಲದಲ್ಲಿಯೇ ತೆರಿಗೆ ಸಂಗ್ರಹ, ಅಂದರೆ ಟಿಸಿಎಸ್, ಇದೆ. ಇದರ ದರ ಬಜೆಟ್‌ಗಳಲ್ಲಿ ಬದಲಾಗುತ್ತ ಬಂದಿರುವುದರಿಂದ ಆ ವರ್ಷದ ದರವನ್ನು ಲೆಕ್ಕಪರಿಶೋಧಕರಲ್ಲಿ ಕೇಳಬೇಕು. ಈ ಹಣ ಆದಾಯ ತೆರಿಗೆ ವಿವರದಲ್ಲಿ ಜಮೆಯಾಗುತ್ತದೆ, ಹೆಚ್ಚಾದದ್ದು ಮರಳಿ ಬರುತ್ತದೆ. ಆದರೆ ಮದುವೆಯ ಹೊತ್ತಿಗೆ ಅಷ್ಟು ನಗದು ಕೈಬಿಟ್ಟು ಹೋಗಿರುತ್ತದೆ ಎಂಬುದು ನೆನಪಿರಬೇಕು.

ಹೋಟೆಲಿನವರು ಹೇಳುವ ದರದ ಮುಂದೆ ಎರಡು ಕೂಡಿಸುವ ಚಿಹ್ನೆ ಇದ್ದರೆ ತೆರಿಗೆ ಮತ್ತು ಸೇವಾಶುಲ್ಕ ಬೇರೆ ಎಂದರ್ಥ. ಬಾಲಿಯಲ್ಲಿ ಇವೆರಡೂ ಸೇರಿ ಸುಮಾರು ಶೇ 21. ಥಾಯ್ಲೆಂಡಿನಲ್ಲಿ ಶೇ 10 ಸೇವಾಶುಲ್ಕ, ಅದರ ಮೇಲೆ ಶೇ 7 ತೆರಿಗೆ, ಒಟ್ಟು ಶೇ 17.7. ತಟ್ಟೆಗೆ 3,000 ರೂಪಾಯಿ ಎಂದದ್ದು ಬಾಲಿಯಲ್ಲಿ 3,630 ಆಗುತ್ತದೆ. ದರ ಡಾಲರ್‌ನಲ್ಲಿದ್ದರೆ ರೂಪಾಯಿ ಇಳಿದಷ್ಟೂ ಖರ್ಚು ಏರುತ್ತದೆ. ರದ್ದಾದರೆ ಎಷ್ಟು ಹಣ ಮರಳುತ್ತದೆ, ಯಾವ ತಾರೀಖಿನವರೆಗೆ ಎಂಬುದನ್ನು ಮುಂಗಡಕ್ಕೆ ಮೊದಲೇ ಬರೆಸಿಕೊಳ್ಳಬೇಕು. ಬೀಗರ ನಡುವೆ ಮನಸ್ತಾಪ ಬರುವುದು ಹೆಚ್ಚಾಗಿ ಟಿಕೆಟ್ ಯಾರ ಕಡೆಯದು ಎಂಬ ಮಾತಿಗೆ. ಅದು ನಿಶ್ಚಯದ ದಿನವೇ ಇತ್ಯರ್ಥವಾದರೆ ಲೇಸು.

ಸಾಲ ಮಾಡಿ ವಿದೇಶಕ್ಕೆ ಹೋಗುವ ಮದುವೆ ಬೇಡ ಎಂಬುದು ಅಪರಿಗ್ರಹ ಅಣುವ್ರತ ಒಪ್ಪಿದ ಸಮಾಜದಲ್ಲಿ ಬಿಡಿಸಿ ಹೇಳಬೇಕಾದ ಮಾತಲ್ಲ. ಒಂದು ಮನೆ ಮಾಡಿದ್ದನ್ನು ನೋಡಿ ಇನ್ನೊಂದು ಮನೆ ಮಾಡಬೇಕಾಗುವ ಒತ್ತಡದಲ್ಲಿ ಸೋಲುವುದು ಹೆಣ್ಣು ಹೆತ್ತ ಸಣ್ಣ ಕುಟುಂಬಗಳು. ಜೈನ ಮನೆತನವಾದ ಹೆಗ್ಗಡೆಯವರ ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿರುವುದು ಇಂಥ ಒತ್ತಡಕ್ಕೆ ಕೊಟ್ಟ ಉತ್ತರವೇ ಆಗಿದೆ. ಹೆಚ್ಚು ಖರ್ಚಿಲ್ಲದೆ ಕೆಲವೇ ಜನರ ನಡುವೆ ಮದುವೆಯಾಗಬೇಕು ಎಂಬುದೇ ಮಕ್ಕಳ ನಿಜವಾದ ಆಸೆಯಾಗಿದ್ದರೆ ಅದು ಶ್ರವಣಬೆಳಗೊಳ, ಹೊಂಬುಜ, ಮೂಡಬಿದಿರೆಗಳಲ್ಲಿಯೂ ಆಗಬಲ್ಲದು.

ಕೆಲಸದ ಕ್ರಮ

ಒಂದು ವರ್ಷ ಮೊದಲು: ತಪ್ಪದೆ ಬರಬೇಕಾದವರ ಪಟ್ಟಿ, ಕಾನೂನಿನ ಯಾವ ದಾರಿ ಎಂಬ ತೀರ್ಮಾನ, ಸ್ಥಳೀಯ ಸಮಯದ ಮುಹೂರ್ತ.

ಒಂಬತ್ತು ತಿಂಗಳು ಮೊದಲು: ದೇಶ ಮತ್ತು ಹೋಟೆಲ್ ಆಯ್ಕೆ, ಊಟದ ಪಟ್ಟಿ ಲಗತ್ತಿಸಿದ ಒಪ್ಪಂದ, ಹೋಮದ ಅನುಮತಿ, ನಂತರ ಮುಂಗಡ.

ಆರು ತಿಂಗಳು ಮೊದಲು: ಎಲ್ಲರ ಪಾಸ್‌ಪೋರ್ಟ್, ಪಂಡಿತರ ಮತ್ತು ಅಡುಗೆಯವರ ವೀಸಾ ವಿಚಾರಣೆ, ವಿಮಾನ ಟಿಕೆಟ್.

ಎರಡರಿಂದ ಮೂರು ತಿಂಗಳು ಮೊದಲು: ವೀಸಾ, ಪ್ರವಾಸ ವಿಮೆ, ವಿಶೇಷ ವಿವಾಹ ಕಾಯ್ದೆಯ ದಾರಿಯಾದರೆ ನೋಟಿಸ್.

ಒಂದು ತಿಂಗಳು ಮೊದಲು: ಊರಲ್ಲಿ ವಿಧಿ ಇದ್ದರೆ ಅದು ಮತ್ತು ನೋಂದಣಿ, ಪ್ರಮಾಣಪತ್ರದ ಮೂರು-ನಾಲ್ಕು ದೃಢೀಕೃತ ಪ್ರತಿ.

ಊರಲ್ಲಿ ವಿಧಿ ಮುಗಿಸಿ ಹೊರಡುವ ಕ್ರಮಕ್ಕೆ ಇನ್ನೂ ಒಂದು ಗುಣವಿದೆ. ವಿಮಾನ ಏರಲಾರದ ಅಜ್ಜ-ಅಜ್ಜಿಯರೂ ಮೊಮ್ಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಹಾಕುತ್ತಾರೆ, ವಧುವಿನ ಕೈಯಲ್ಲಿ ಪ್ರಮಾಣಪತ್ರವೂ ಇರುತ್ತದೆ.